ನಾಡದೋಣಿಯವರನ್ನೂ ಪರ್ಸೀನ್ ಬೋಟಿನವರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಬಂದರಿನಲ್ಲಿ ನಾಡದೋಣಿ, ಪರ್ಸೀನ್ (ಮೀನಿನ ಹಿಂಡನ್ನು ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಬೋಟ್), ಟ್ರಾಲ್ ಬೋಟ್ (ಬಲೆ ಎಳೆದುಕೊಂಡು ಹೋಗುವ ಬೋಟ್) ಮೂರೂ ಇವೆ. ಲೈಟ್ ಫಿಶಿಂಗ್ (ರಾತ್ರಿ ಜೋರು ಬೆಳಕು ಹಾಕಿ ಮೀನು ಕೂಡಿಸಿ ಹಿಡಿಯುವುದು) ವಿಷಯಕ್ಕೆ ಮತ್ತೆ ಜಗಳ ಎದ್ದಿದೆ. ಮುಂದಿನ ತಿಂಗಳು ಅಧಿಕಾರಿಗಳ ಜೊತೆ ಸಭೆ. ಅಷ್ಟರೊಳಗೆ ಎಲ್ಲರೂ ಒಪ್ಪುವ ಒಂದು ಮನವಿ ತಯಾರು ಮಾಡುವ ಕೆಲಸ ನನ್ನ ಹೆಗಲಿಗೆ ಬಿದ್ದಿದೆ. ಇಂಥ ಮಾತುಕತೆಯಲ್ಲಿ ಕೂತವರು ಅನುಭವ ಹೇಳುತ್ತೀರಾ?

ನಾಡದೋಣಿಯವರೊಬ್ಬರು:

ಮೊದಲು ನಾವು ಮಾಡಿದ ತಪ್ಪು ಹೇಳುತ್ತೇನೆ. ನೇರವಾಗಿ ಅಧಿಕಾರಿಗಳ ಎದುರೇ ಹೋಗಿ ಕೂತೆವು. ಅಲ್ಲಿ ಎಲ್ಲರೂ ತಮ್ಮ ಸಂಘದವರಿಗೆ ಕೇಳಿಸಲಿ ಅಂತ ಮಾತಾಡುತ್ತಾರೆ. ಯಾರೂ ಪಟ್ಟು ಬಿಡುವುದಿಲ್ಲ.

ಮುಂದಿನ ಸಲ ಬಲೆ ಕಟ್ಟುವ ಶೆಡ್ಡಿನಲ್ಲಿ ನಾವು ನಾವೇ ಕೂತೆವು. ಹುಣ್ಣಿಮೆ ನೋಡಿ ದಿನ ಇಟ್ಟೆವು. ಬೆಳದಿಂಗಳಲ್ಲಿ ಲೈಟಿಗೆ ಮೀನು ಸರಿಯಾಗಿ ಕೂಡುವುದಿಲ್ಲ, ಹಾಗಾಗಿ ತಾಂಡೇಲರು (ಬೋಟ್ ನಡೆಸುವವರು) ಊರಲ್ಲೇ ಸಿಗುತ್ತಾರೆ. ಮೀನು ಮಾರುವ ಹೆಂಗಸರನ್ನೂ ಕರೆದೆವು. ಅದೊಂದು ಮಾತ್ರ ಬಿಡಬೇಡಿ, ಮಾರಾಯ್ರೆ.

ಆ ದಿನ ಒಬ್ಬ ಅಕ್ಕ ಒಂದು ಬುಟ್ಟಿ ತಂದು ಎಲ್ಲರ ನಡುವೆ ಇಟ್ಟರು. ಬೂತಾಯಿ (ಸಾರ್ಡಿನ್) ಮರಿ. ಒಂದೊಂದು ನನ್ನ ಕಿರುಬೆರಳಿನಷ್ಟು. "ಇದನ್ನು ನಾನು ಯಾರ ಮನೆಗೆ ಮಾರಲಿ?" ಅಂತ ಕೇಳಿದರು. ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಗೆ ಹೋಗುವ ಮಾಲು ಅದು. ಸಿಎಂಎಫ್‌ಆರ್‌ಐ (ಕೇಂದ್ರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಹೇಳುವ, ಹಿಡಿಯಬಹುದಾದ ಕನಿಷ್ಠ ಅಳತೆ ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14. ಮಗುವಿನ ಶಾಲೆಯ ಸ್ಕೇಲ್ ತಂದು ಅಳೆದೆವು. ಒಂದೂ 6 ದಾಟಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಪರ್ಸೀನ್ ಮಾಲೀಕರೊಬ್ಬರೇ ಹೇಳಿದರು, "ಬಿಟ್ಟಿದ್ದರೆ ನಾಳೆ ನಮಗೇ ಸಿಗುತ್ತಿತ್ತು." ನಮ್ಮವರೂ ಒಪ್ಪಿಕೊಂಡರು, ನಮ್ಮ ಮಾಟುಬಲೆಯ ಕಣ್ಣೂ ಚಿಕ್ಕದೇ ಅಲ್ವಾ.

ಮಾತು ಶುರುವಾದದ್ದು ಅಲ್ಲಿಂದ. ಲೈಟಿನಿಂದ ಶುರು ಮಾಡಿದ್ದರೆ ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಿದ್ದರು.

ಹಿರಿಯರ ಸಿಟ್ಟನ್ನು ಸುಮ್ನೆ ಹಠ ಅಂತ ತಳ್ಳಬೇಡಿ. 1970ರ ದಶಕದಲ್ಲಿ ಪರ್ಸೀನ್ ಬಂದಮೇಲೆ ರಂಪಣಿ (ಊರವರು ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ) ಹೇಗೆ ಮೂಲೆ ಸೇರಿತು ಅಂತ ಅವರು ಕಣ್ಣಾರೆ ಕಂಡಿದ್ದಾರೆ. ಅವರಿಗೆ ಅದನ್ನೆಲ್ಲ ಹೇಳಲು ಬಿಡಿ, ಅರ್ಧ ದಿನ ಹೋದರೂ ಪರವಾಗಿಲ್ಲ.

ಪರ್ಸೀನ್ ಬೋಟಿನ ಮನೆಯವರು:

ಮೇಲಿನವರು ಹೇಳಿದ್ದು ಸರಿ. ನಮ್ಮ ಕಡೆಯ ಕಷ್ಟವನ್ನೂ ಬರೆಯುತ್ತೇನೆ. ನಮ್ಮ ಬೋಟಿಗೆ ಮೂವತ್ತು ಜನ ಹೋಗುತ್ತಾರೆ. ಡೀಸೆಲ್, ಐಸ್, ಬ್ಯಾಂಕ್ ಸಾಲ ಎಲ್ಲ ನಮ್ಮ ತಲೆ ಮೇಲೆ. ಲೈಟ್ ತಪ್ಪು ಅಂತ ನನಗೂ ಗೊತ್ತು. ಆದರೆ ನಾನೊಬ್ಬ ಬೋಟಿನಿಂದ ಲೈಟ್ ತೆಗೆದರೆ ಪಕ್ಕದ ಬೋಟಿನವರು ಹಾಕುತ್ತಾರೆ. ಹೆದರಿಕೆ ಇರುವುದು ಅಲ್ಲಿ.

ಲೈಟ್ ಫಿಶಿಂಗನ್ನೂ ಬುಲ್ ಟ್ರಾಲನ್ನೂ (ಎರಡು ಬೋಟ್ ಸೇರಿ ಒಂದೇ ಬಲೆ ಎಳೆಯುವುದು) ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲೇ ನಿಷೇಧಿಸಿದೆ. ಹಾಗಾಗಿ ಲೈಟ್ ಬೇಕಾ ಬೇಡವಾ ಅಂತ ಚರ್ಚೆಗೆ ಇಡಲೇಬೇಡಿ. ಎಲ್ಲರೂ ಒಂದೇ ದಿನ ಲೈಟಿನ ಜನರೇಟರನ್ನು ಬೋಟಿನಿಂದ ಇಳಿಸುವುದು ಹೇಗೆ, ಯಾರು ನೋಡಬೇಕು ಅಂತ ಕೇಳಿ. ನಮ್ಮ ದಕ್ಕೆಯಲ್ಲಿ ಎರಡೂ ಕಡೆಯ ಇಬ್ಬಿಬ್ಬರು ಒಟ್ಟಿಗೆ ನಿಂತು ನೋಡಿದರು. ಪೊಲೀಸರು ಬಂದಾಗ ಆಗದ ಕೆಲಸ ಆಯಿತು.

ಇನ್ನೊಂದು ಮಾತು. ದಡದಿಂದ 6 ಕಿ.ಮೀ. ಒಳಗೆ ನಾಡದೋಣಿಗೆ ಮೀಸಲು ಅಂತ ನಿಯಮ ಮೊದಲಿನಿಂದಲೂ ಇದೆ. ಹೊಸದಾಗಿ ಏನೂ ಕೇಳಬೇಕಿಲ್ಲ, ಅದನ್ನು ಪಾಲಿಸಿ ಅಂತ ಬರೆದರೆ ಸಾಕು. ರಾಜ್ಯದ ಕೈಯಲ್ಲಿರುವುದು 12 ನಾಟಿಕಲ್ ಮೈಲಿವರೆಗಿನ ಕಡಲು. ಅದರಾಚೆಯದು ಕೇಂದ್ರದ ಕೈಯಲ್ಲಿ; ಅಲ್ಲಿನ ಬೇಡಿಕೆಯನ್ನು ಇದೇ ಮನವಿಯಲ್ಲಿ ತುರುಕಿದರೆ ಕಾಗದ ಅಲ್ಲಿಂದಿಲ್ಲಿಗೆ ಅಲೆಯುತ್ತದೆ. ನಮ್ಮದು ಹಾಗೇ ಆಗಿ ಒಂದು ಸೀಸನ್ ಹೋಯಿತು.

ರಾಮೇಶ್ವರದಲ್ಲಿ ಕೆಲಸ ಮಾಡಿದವರು:

ಅಲ್ಲಿ ಪಾಕ್ ಕೊಲ್ಲಿಯಲ್ಲಿ (ತಮಿಳುನಾಡು, ಶ್ರೀಲಂಕಾ ನಡುವಿನ ಕಡಲು) ದಿನ ಹಂಚಿಕೊಂಡಿದ್ದಾರೆ. ವಾರಕ್ಕೆ 3 ದಿನ ಟ್ರಾಲ್ ಬೋಟ್, 4 ದಿನ ನಾಡದೋಣಿ. ಟ್ರಾಲ್ ಬೋಟ್ ಹಾದು ನಾಡದೋಣಿಯ ಬಲೆ ಹರಿಯುವ ಜಗಳಕ್ಕೆ ಇದು ಒಳ್ಳೆಯ ದಾರಿ. ಮೀನೇ ಕಡಿಮೆಯಾಗುವುದಕ್ಕೆ ಮಾತ್ರ ಇದು ಮದ್ದಲ್ಲ. ನಿಮ್ಮಲ್ಲಿ ಬಲೆ ಹರಿದರೆ ಪರಿಹಾರ ಯಾರು ಕೊಡಬೇಕು, ಎಷ್ಟು ದಿನದಲ್ಲಿ ಅಂತ ಮನವಿಗೂ ಮೊದಲೇ ಬರೆದಿಡಿ. ಒಪ್ಪಿದ್ದನ್ನು ಅದೇ ದಿನ ರಿಜಿಸ್ಟರಿನಲ್ಲಿ ಬರೆದು, ಓದಿ ಹೇಳಿ, ಎಲ್ಲರ ಸಹಿ ಹಾಕಿಸಿ. ಮರುದಿನಕ್ಕೆ ಬಿಟ್ಟರೆ ಅರ್ಧ ಜನ ಕಡಲಿಗೆ ಹೋಗಿರುತ್ತಾರೆ.