ಟಿಳಕವಾಡಿಯ ಅಜ್ಜನ ಮನೆ: ಕೆಡವಬೇಕಾ, ಉಳಿಸಿಕೊಳ್ಳಬೇಕಾ?

ಹಿತ್ತಲ ಬಾವಿ:
ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಟಿಳಕವಾಡಿಯಲ್ಲಿ ಅಜ್ಜ ಕಟ್ಟಿಸಿದ ಮನೆ ಇದೆ. ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಕಾಂಗ್ರೆಸ್ ಅಧಿವೇಶನ ಮುಗಿದು ಕೆಲವು ವರ್ಷಕ್ಕೆ ಕಟ್ಟಿದ್ದು ಅಂತ ಅಪ್ಪ ಹೇಳುತ್ತಿದ್ದರು. ಕಾಗದಪತ್ರ ಮಾತ್ರ ಕೈಗೆ ಸಿಕ್ಕಿಲ್ಲ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಮಂಗಳೂರು ಹೆಂಚು, ಸಾಗವಾನಿ ತೊಲೆ, ಮುಂದೆ ಉದ್ದಕ್ಕೆ ವರಾಂಡ, ಹಿಂದೆ ಬಾವಿ. ನಾವು ಮೂವರು ಅಣ್ಣತಮ್ಮಂದಿರು. ಇಲ್ಲಿ ಅಪಾರ್ಟ್‌ಮೆಂಟ್ ಕಟ್ಟಿ ತಲಾ ಒಂದು ಫ್ಲ್ಯಾಟ್ ಕೊಡುತ್ತೇನೆ ಅಂತ ಒಬ್ಬ ಬಿಲ್ಡರ್ ಕೇಳಿದ್ದಾರೆ. ಮೂರು ವರ್ಷದ ಹಿಂದೆ ಪಡಸಾಲೆ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದೆವು, ಆಮೇಲಿಂದ ಪ್ರತಿ ಮಳೆಗಾಲ ತೇವ ಜಾಸ್ತಿ ಆಗುತ್ತಲೇ ಇದೆ. ಅಣ್ಣ ಅದನ್ನೇ ತೋರಿಸಿ ಮನೆಯ ಆಯಸ್ಸು ಮುಗಿಯಿತು ಅನ್ನುತ್ತಾನೆ. ಇದು ಅರಮನೆಯಲ್ಲ, ಗುಡಿಯಲ್ಲ, ದೊಡ್ಡವರು ಯಾರೂ ಇಲ್ಲಿ ಇದ್ದವರಲ್ಲ. ಇಂಥ ಮನೆಗೂ ಪಾರಂಪರಿಕ ಬೆಲೆ ಅಂತ ಇರುತ್ತಾ?

ಶಹಾಪುರದವ:
ಇರುತ್ತದೆ. ನಾನು ಬೆಳೆದದ್ದು ಬೆಳಗಾವಿಯದೇ ಹಳೆ ಪೇಟೆ ಶಹಾಪುರದ ವಾಡೆಯಲ್ಲಿ. ಅದು ಬೀದಿಗೆ ಬೆನ್ನು ಹಾಕಿದ ಮನೆ. ರಸ್ತೆ ಕಡೆ ಗೋಡೆ, ಒಂದು ದೊಡ್ಡ ಬಾಗಿಲು, ಅಕ್ಕಪಕ್ಕದ ಮನೆಗಳು ಅಂಟಿಕೊಂಡೇ ಇವೆ, ಗಾಳಿ ಬೆಳಕು ಏನಿದ್ದರೂ ಒಳಗಿನ ಅಂಗಳದಿಂದ. ನಿಮ್ಮದು ಅದರ ಉಲ್ಟಾ ಅಲ್ವಾ? ಕಾಂಪೌಂಡಿನ ನಡುವೆ ನಿಂತು ನಾಲ್ಕೂ ಕಡೆ ಕಿಟಕಿ ತೆರೆಯುತ್ತದೆ, ಅಂಗಳ ಹೊರಗೆ ಬಂದು ತೋಟವಾಗಿದೆ. ಕ್ಯಾಂಪಿನ, ಅಂದರೆ ಬ್ರಿಟಿಷರ ದಂಡು ಪ್ರದೇಶದ, ಬಂಗಲೆಯ ಥರದ ವರಾಂಡ ಮುಂದೆ, ನಮ್ಮ ದೇವರಮನೆ, ಬಚ್ಚಲು, ತುಳಸಿಕಟ್ಟೆ ಹಿಂದೆ. ಪೇಟೆಯ ಜನ ಊರ ಹೊರಗೆ ಬಂದು ಹೊಸ ಥರ ಬದುಕಲು ಶುರು ಮಾಡಿದ್ದು ಹೇಗೆ ಅಂತ ಆ ಮನೆ ನೋಡಿದರೆ ಗೊತ್ತಾಗುತ್ತದೆ. ದೊಡ್ಡವರು ಇದ್ದ ಮನೆಗಳನ್ನು ಹೇಗೋ ಉಳಿಸುತ್ತಾರೆ. ಸಾಮಾನ್ಯ ಜನರ ಮನೆಗಳೇ ಸದ್ದಿಲ್ಲದೆ ಹೋಗುತ್ತಿರುವುದು, ನನಗೆ ಅದೇ ಸಂಕಟ.

ಗಾರೆ ಕೆಲಸ:
ಗೋಡೆಯ ಮಾತು ನಾನು ಹೇಳುತ್ತೇನೆ, ಹಳೆ ಮನೆ ರಿಪೇರಿಯೇ ನನ್ನ ಕೆಲಸ. ತಪ್ಪು ಗೋಡೆಯದಲ್ಲ, ಸಿಮೆಂಟಿನದು. ಜಂಬಿಟ್ಟಿಗೆಯಲ್ಲಿ ಸಣ್ಣ ಸಣ್ಣ ತೂತು ಇರುತ್ತವೆ, ಅದು ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ, ಒಳಗಿನ ನೀರು ಅಲ್ಲೇ ಉಳಿದು ಗೋಡೆ ಉಬ್ಬುತ್ತದೆ, ಬಣ್ಣ ಉದುರುತ್ತದೆ. ಬೆಳಗಾವಿ ಮಳೆಯಲ್ಲಿ ಕೇಳಲೇ ಬೇಡಿ. ಬೇಸಿಗೆಯಲ್ಲಿ ಆ ಗಿಲಾವು ಕೆತ್ತಿಸಿ, ಗೋಡೆ ಪೂರ್ತಿ ಒಣಗಲಿ, ಅವಸರ ಮಾಡಬೇಡಿ, ಆಮೇಲೆ ಸುಣ್ಣದ ಗಾರೆ ಹಾಕಿಸಿ. ಮೇಲೆ ಪ್ಲಾಸ್ಟಿಕ್ ಪೇಂಟ್ ಬೇಡ, ಸುಣ್ಣವೇ ಇರಲಿ. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಉಳಿಯಿಂದ ಚುಚ್ಚಿ ನೋಡಿ, ಗೆದ್ದಲು, ಕೊಳೆ ಮೊದಲು ಹಿಡಿಯುವುದು ಅಲ್ಲೇ. ಒಂದು ತುದಿ ಹೋಗಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ಸಾಗವಾನಿ ಜೋಡಿಸಬಹುದು, ಸುಮ್ನೆ ಇಡೀ ಮಾಡು ಕಿತ್ತು ಹಾಕಬೇಡಿ.

ಇನ್ನೊಂದು. ಒಂದು ಹೆಂಚು ತೆಗೆದು ಹಿಂಬದಿ ನೋಡಿ, ಕಾರ್ಖಾನೆಯ ಹೆಸರು ಒತ್ತಿರುತ್ತಾರೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಹೆಂಚಿನ ಕಾರ್ಖಾನೆ ಶುರುವಾಗಿದ್ದು 1865ರಲ್ಲಿ. ಮೊದಲ ಮಹಾಯುದ್ಧದ ನಂತರ ಅವರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹೆಸರಿನಿಂದ ಕಾಲದ ಅಂದಾಜು ಸಿಗುತ್ತದೆ. ಆದರೆ ಹಳೆ ಮನೆಯ ಹೆಂಚು ತಂದು ಹೊಸ ಮನೆಗೆ ಹೊದಿಸುವುದೂ ಇತ್ತು, ಹೆಂಚೊಂದನ್ನೇ ನಂಬಬೇಡಿ.

ಉತಾರ:
ಕಾನೂನಿನ ಮಾತು ಚಿಕ್ಕದು. ಮನೆ ಹಳೆಯದು ಅನ್ನುವ ಒಂದೇ ಕಾರಣಕ್ಕೆ ಅದು ಸ್ಮಾರಕ ಆಗುವುದಿಲ್ಲ. ರಾಜ್ಯದ 1961ರ ಕಾಯ್ದೆ ಆಗಲಿ, ಕೇಂದ್ರದ 1958ರ ಕಾಯ್ದೆ ಆಗಲಿ, ಸ್ಮಾರಕ ಅಂತ ಸರ್ಕಾರ ಘೋಷಿಸಿದ್ದನ್ನು ಮಾತ್ರ ಕಾಯುತ್ತವೆ. ಹಾಗಾಗಿ ನಿಮ್ಮ ಮನೆ ಉಳಿಯುವುದು ನೀವು ಮೂವರು ಒಪ್ಪಿದರೆ. ವರ್ಷ ಹುಡುಕಬೇಕಾದರೆ ಸಿಟಿ ಸರ್ವೆ ಕಚೇರಿಯಲ್ಲಿ ಹಳೆ ಉತಾರ, ಅಂದರೆ ಆಸ್ತಿ ದಾಖಲೆಯ ಪ್ರತಿ, ತೆಗೆಸಿ. 1956ರವರೆಗೆ ಬೆಳಗಾವಿ ಮುಂಬಯಿ ರಾಜ್ಯದಲ್ಲಿತ್ತು, ಹಳೆ ಕಾಗದ ಮರಾಠಿಯಲ್ಲಿರಬಹುದು, ಮರಾಠಿ ಬರೆಯುತ್ತಿದ್ದ ಹಳೆ ಮೋಡಿ ಲಿಪಿಯೂ ಬರಬಹುದು. ಓದುವ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ.

ಹಿತ್ತಲ ಬಾವಿ:
ಎಲ್ಲರಿಗೂ ತುಂಬಾ ಧನ್ಯವಾದ. ಬಾವಿ ಪಕ್ಕ ಜೋಡಿಸಿಟ್ಟ ಒಡಕು ಹೆಂಚುಗಳನ್ನು ಇವತ್ತು ತಿರುಗಿಸಿ ನೋಡಿದೆ. ಪಾಚಿ ಉಜ್ಜಿದಾಗ ಕಾಮನ್‌ವೆಲ್ತ್ ಟ್ರಸ್ಟ್ ಅಂತ ಅಕ್ಷರ ಕಂಡವು! ಅಪ್ಪ ಹೇಳಿದ ಕಾಲಕ್ಕೆ ಹೊಂದುತ್ತದೆ. ಅಣ್ಣನಿಗೆ ಫೋಟೊ ಕಳಿಸಿದೆ. ಹತ್ತು ನಿಮಿಷ ಬಿಟ್ಟು ಫೋನ್ ಮಾಡಿ, ಸುಣ್ಣದ ಗಾರೆಗೆ ಎಷ್ಟು ಖರ್ಚಾಗುತ್ತದೆ ಅಂತ ಕೇಳಿದ. ಗಾರೆ ಕೆಲಸದವರೇ, ಪಡಸಾಲೆ ಹದಿನೆಂಟು ಅಡಿ ಉದ್ದ, ಹನ್ನೊಂದು ಅಡಿ ಅಗಲ, ಒಂದು ಅಂದಾಜು ಹೇಳುತ್ತೀರಾ?