ಬ್ಯಾರಿ ಸ್ಯಾಂಡರ್ಸ್ ದಾಖಲೆ ಹತ್ತಿರ ಬಂದು ಆಟ ಬಿಟ್ಟಿದ್ದು ಯಾಕೆ?

ಮಂಡ್ಯ ರೈಡರ್:
ನಾನು ಮಂಡ್ಯ ಕಡೆಯವನು, ಕಬಡ್ಡಿ ಆಡುತ್ತೇನೆ. ಅಮೆರಿಕನ್ ಫುಟ್‌ಬಾಲ್ ಅಷ್ಟಾಗಿ ಗೊತ್ತಿಲ್ಲ. ಮೊನ್ನೆ ಬ್ಯಾರಿ ಸ್ಯಾಂಡರ್ಸ್ ಅವರ ಹಳೇ ವಿಡಿಯೊ ನೋಡಿದೆ. ನಾಲ್ಕು ಜನ ಮೇಲೆ ಬಿದ್ದರೂ ಒಳ್ಳೇ ರೈಡರ್ ತರ ಈ ಕಡೆ ಹೋಗೋ ಹಾಗೆ ತೋರಿಸಿ ಆ ಕಡೆ ನುಸುಳಿಬಿಡುತ್ತಾರೆ. ಡೆಟ್ರಾಯ್ಟ್ ಲಯನ್ಸ್ ತಂಡಕ್ಕೆ 10 ವರ್ಷ ಆಡಿ, ಚೆಂಡು ಹಿಡಿದು ಒಟ್ಟು 15,269 ಗಜ ಮುಂದಕ್ಕೆ ಓಡಿದ್ದಾರೆ. ಆಗ ಅತಿ ಹೆಚ್ಚು ಗಜ ಓಡಿದ ದಾಖಲೆ ಇದ್ದದ್ದು ವಾಲ್ಟರ್ ಪೇಟನ್ ಹೆಸರಲ್ಲಿ, 16,726 ಗಜ. ಬೇಕಿದ್ದದ್ದು ಇನ್ನು 1,457 ಅಷ್ಟೇ, ವರ್ಷಕ್ಕೆ ಸುಮಾರು 1,500 ಓಡುವವರಿಗೆ ಒಂದು ಸೀಸನ್ ಕೆಲಸ. 1999ರಲ್ಲಿ, 31ನೇ ವಯಸ್ಸಿಗೆ, ಮೈ ಕೈ ಗಟ್ಟಿ ಇರುವಾಗಲೇ ಬಿಟ್ಟುಬಿಟ್ಟರು. ಯಾಕೆ?

ಮೈಸೂರು ಪೈಲ್ವಾನ್:
ಸೋತು ಸೋತು ಬೇಸತ್ತಿದ್ದರು. 1997ರಲ್ಲಿ ಒಂದೇ ಸೀಸನ್‌ಗೆ 2,053 ಗಜ ಓಡಿದರೂ ತಂಡ ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ಸೋತಿತು. ಮುಂದಿನ ವರ್ಷ 16ರಲ್ಲಿ 11 ಪಂದ್ಯ ಹೋಯಿತು. ಆ 10 ವರ್ಷದಲ್ಲಿ ಪ್ಲೇಆಫ್‌ನಲ್ಲಿ ಗೆದ್ದದ್ದು ಒಂದೇ ಒಂದು ಪಂದ್ಯ, 1992ರ ಜನವರಿಯಲ್ಲಿ ಡಲ್ಲಾಸ್ ಮೇಲೆ. ಒಬ್ಬನೇ ರೈಡರ್ ಎಷ್ಟು ಪಾಯಿಂಟ್ ತಂದರೂ ಡಿಫೆನ್ಸ್ ಕೈಕೊಟ್ಟರೆ ಏನು ಮಾಡೋದು, ನಿಮಗೇ ಗೊತ್ತಲ್ವಾ?

ಚಾಮುಂಡಿಪುರಂ ಫ್ಯಾನ್:
ಬೇಸರ ಒಪ್ಪುತ್ತೇನೆ, ಬಿಟ್ಟ ರೀತಿ ಒಪ್ಪಲ್ಲ. ಸೀಸನ್‌ನ ತಯಾರಿ ಶುರುವಾಗೋ ಹೊತ್ತಿಗೆ, ಜುಲೈ ಕೊನೆಯಲ್ಲಿ, ತಮ್ಮ ಊರು ವಿಚಿಟಾದ ಪತ್ರಿಕೆಗೆ ಫ್ಯಾಕ್ಸ್ ಕಳಿಸಿ ನಿವೃತ್ತಿ ಹೇಳಿದರು. ಜೊತೆಯಲ್ಲಿ ಆಡುವವರು ಆಮೇಲೆ ಏನು ಮಾಡಬೇಕು?

ಮೈಸೂರು ಪೈಲ್ವಾನ್:
ಆ ಮಾತು ಸರಿ. ಆದರೆ ದಾಖಲೆ ಆಸೆ ಅವರಿಗೆ ಮೊದಲಿಂದಲೂ ಇರಲಿಲ್ಲ. 1989, ಅವರ ಮೊದಲ ವರ್ಷ, ಕೊನೆಯ ಪಂದ್ಯ. ಲೀಗ್‌ನಲ್ಲಿ ಅತಿ ಹೆಚ್ಚು ಓಡಿದವರು ಅನ್ನಿಸಿಕೊಳ್ಳೋಕೆ ಹತ್ತೇ ಗಜ ಕಡಿಮೆ. ಮತ್ತೆ ಇಳೀತೀಯಾ ಅಂತ ಕೋಚ್ ಕೇಳಿದರೆ, ಪಂದ್ಯ ಗೆದ್ದಾಯ್ತಲ್ಲ, ಬೇಡ ಅಂದರು. ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿ ಕಡೆಯ ಕೊನೆ ಗೆರೆ ದಾಟಿಸಿ ಪಾಯಿಂಟ್ ತಂದ ಮೇಲೆ ಕುಣಿಯುತ್ತಲೂ ಇರಲಿಲ್ಲ, ಚೆಂಡನ್ನು ಸುಮ್ನೆ ರೆಫ್ರಿ ಕೈಗೆ ಕೊಟ್ಟು ಬರುತ್ತಿದ್ದರು. ನನಗೆ ಅವರ ಓಟಕ್ಕಿಂತ ಇದೇ ಜಾಸ್ತಿ ಇಷ್ಟ.

ಮಂಡ್ಯ ರೈಡರ್:
ಹತ್ತು ಗಜದ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್ ಅಣ್ಣ. ನಮ್ಮ ತಂಡದ ಒಳ್ಳೇ ರೈಡರ್ ಈ ಸಲ ಆಡಲ್ಲ ಅಂದಿದ್ದಾನೆ, ಎಲ್ಲರ ಮುಂದೆ ಬೈದುಬಿಟ್ಟೆ. ಯಾಕೆ ಅಂತ ಒಂದು ಮಾತೂ ಕೇಳಲಿಲ್ಲ. ಸಂಜೆ ಅವನ ಮನೆಗೆ ಹೋಗುತ್ತೇನೆ.