ದಿ ಒನ್ ಸಿಮ್ಯುಲೇಟರ್: ಮಡಿಕೇರಿ–ಭಾಗಮಂಡಲ ನಕ್ಷೆಯಲ್ಲಿ ಎಲ್ಲ ಸಂದೇಶವೂ ಕೆಲವೇ ಸೆಕೆಂಡಿಗೆ ತಲುಪುತ್ತಿವೆ, ಯಾಕೆ?

ಪ್ರಶ್ನೆ: ಮಳೆಗಾಲದಲ್ಲಿ ಟವರ್ ಕೈಕೊಟ್ಟಾಗ ಬಸ್ಸುಗಳೇ ಸಂದೇಶ ಹೊತ್ತೊಯ್ಯುವ ಜಾಲವನ್ನು ದಿ ಒನ್‌ನಲ್ಲಿ (ಇಂಥ ಜಾಲಗಳನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ತಂತ್ರಾಂಶ) ಪರೀಕ್ಷಿಸುತ್ತಿದ್ದೇನೆ. ಎಪಿಡೆಮಿಕ್ ರೌಟರ್ (ಎದುರಾದವರಿಗೆಲ್ಲ ಸಂದೇಶದ ಪ್ರತಿ ಕೊಡುವ ವಿಧಾನ), ರೇಡಿಯೋ ವ್ಯಾಪ್ತಿ 10 ಮೀಟರ್. ಫಲಿತಾಂಶ ನಂಬುವ ಹಾಗಿಲ್ಲ.

ಉತ್ತರ 1: ನಕ್ಷೆ ಅಕ್ಷಾಂಶ-ರೇಖಾಂಶದಲ್ಲೇ ಉಳಿದಿದೆ. ಸಿಮ್ಯುಲೇಟರ್‌ಗೆ ಡಿಗ್ರಿ ಗೊತ್ತಿಲ್ಲ, ಎಲ್ಲವೂ ಮೀಟರ್. ಹಾಗಾಗಿ ನಿಮ್ಮ ಇಡೀ ದಾರಿ ಒಂದು ಮೀಟರ್ ಒಳಗೆ ಮುದುಡಿ, ಎಲ್ಲರೂ ಎಲ್ಲರ ವ್ಯಾಪ್ತಿಯಲ್ಲಿದ್ದಾರೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಯುಟಿಎಂ (ಮೀಟರ್ ಲೆಕ್ಕದ ನಿರ್ದೇಶಾಂಕ ಪದ್ಧತಿ) 43 ಉತ್ತರ ವಲಯಕ್ಕೆ ಬದಲಿಸಿ, ಆಮೇಲೆ ಡಬ್ಲ್ಯುಕೆಟಿ (ಸಿಮ್ಯುಲೇಟರ್ ಓದುವ ಪಠ್ಯರೂಪದ ನಕ್ಷೆ ಕಡತ) ಮಾಡಿ. ವರ್ಲ್ಡ್‌ಸೈಜ್ (ಸಿಮ್ಯುಲೇಶನ್ ಜಾಗದ ಅಳತೆ, ಮೀಟರ್‌ನಲ್ಲಿ) ಡೀಫಾಲ್ಟ್ ಆಗಿ 4500×3400 ಇದ್ದರೆ ದೋಷ ಬರುತ್ತೆ, 40000×40000 ಇಡಿ. ಬೇರೆ ರಸ್ತೆಗೆ ಕೂಡದ ತೋಟದ ರಸ್ತೆಗಳನ್ನು ಅಳಿಸಿ, ನಕ್ಷೆ ಪೂರ್ತಿ ಜೋಡಣೆಯಾಗಿರಲೇಬೇಕು.

ಉತ್ತರ 2: ಸರಿಪಡಿಸಿದ ಮೇಲೆ ತಲುಪುವಿಕೆ ಧೊಪ್ಪೆಂದು ಬೀಳುತ್ತೆ, ಗಾಬರಿಯಾಗಬೇಡಿ. ಡೀಫಾಲ್ಟ್ ಬಫರ್ (ಪ್ರತಿ ಸಾಧನ ಸಂದೇಶ ಇಟ್ಟುಕೊಳ್ಳುವ ಜಾಗ) 5 ಎಂಬಿ, ಸಂದೇಶ 500 ಕೆಬಿಯಿಂದ 1 ಎಂಬಿ: ಹಿಡಿಸುವುದು ಐದರಿಂದ ಹತ್ತು. ಸುಮಾರು 30 ಸೆಕೆಂಡಿಗೊಂದು ಹೊಸದು ಹುಟ್ಟುತ್ತೆ, ಹಳೆಯದು ಬಸ್ ಬರುವ ಮೊದಲೇ ಹೊರಬೀಳುತ್ತೆ. ಟಿಟಿಎಲ್ (ಸಂದೇಶದ ಆಯುಷ್ಯ) 300 ಅಂದರೆ 300 ನಿಮಿಷ. ದಿನಕ್ಕೆರಡೇ ಬಸ್ ಇರುವ ಊರಿಗೆ ಸಾಲದು. ವೇಗ ಮೀಟರ್/ಸೆಕೆಂಡ್‌ನಲ್ಲಿ: ಗಂಟೆಗೆ 30 ಕಿಮೀಗೆ 8.3. ಸ್ಪ್ರೇ ಅಂಡ್ ವೇಟ್ (ಕೆಲವೇ ಪ್ರತಿ ಹಂಚಿ ಕಾಯುವ ವಿಧಾನ) ಜೊತೆಗೂ ಹೋಲಿಸಿ, ಬೇರೆ ಬೇರೆ ಸೀಡ್ (ಯಾದೃಚ್ಛಿಕತೆಯ ಆರಂಭ ಸಂಖ್ಯೆ) ಕೊಟ್ಟು.

ಉತ್ತರ 3: ಗುಡ್ಡ ಅಡ್ಡ ಬರುವುದು ಇದರಲ್ಲಿ ಇಲ್ಲ, ವ್ಯಾಪ್ತಿ ಬರೀ ವೃತ್ತ. ನಮ್ಮ ತಿರುವುಗಳಿಗೆ ಅದು ದೊಡ್ಡ ಕೊರತೆಯೇ. ರೇಡಿಯೋ ಮುಖ್ಯವಾದರೆ ಎನ್‌ಎಸ್-3 ಎಂಬ ಇನ್ನೊಂದು ಜಾಲ ಸಿಮ್ಯುಲೇಟರ್ ನೋಡಿ.